ಆ ಪ್ರಶ್ನೆಗೆ ಸುಮ್ನೆ ಎಂಟರ್ ಒತ್ತಬೇಡಿ

ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಯ ಅಪ್‌ಗ್ರೇಡ್ ನಡೀತಿದೆ. ಸಾಲುಗಳು ಸರಸರ ಓಡ್ತಿವೆ. ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಈ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜಿನ ಜೊತೆ ಹೊಸದೂ ಬಂದಿದೆ, ಯಾವುದನ್ನು ಇಡಲಿ?

ಇದನ್ನು ಕಿರಿಕಿರಿ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ಹಾಕುವ ಡಿಪಿಕೆಜಿ ಸುಮ್ಸುಮ್ನೆ ಕೇಳುವುದಿಲ್ಲ. ಪ್ಯಾಕೇಜಿನ ಜೊತೆ ಬಂದ ಮೂಲ ಫೈಲಿನ ಎಂಡಿ5 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತನ್ನು, ಅದು ಬರೆದಿಟ್ಟುಕೊಂಡಿರುತ್ತದೆ. ನೀವೊಬ್ಬರೇ ತಿದ್ದಿದ್ದರೆ ನಿಮ್ಮದನ್ನು ಮುಟ್ಟುವುದಿಲ್ಲ. ಪ್ಯಾಕೇಜ್ ಮಾಡಿದವರಷ್ಟೇ ಬದಲಿಸಿದ್ದರೆ ಹೊಸದನ್ನು ಹಾಕಿ ಮುಂದೆ ಹೋಗುತ್ತದೆ. ಇಬ್ಬರೂ ಕೈಯಾಡಿಸಿದ್ದಾಗ ಮಾತ್ರ ಪ್ರಶ್ನೆ. ನಿಮ್ಮ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಡುವ ಸಾಫ್ಟ್‌ವೇರ್ ಎಷ್ಟಿದೆ ಹೇಳಿ?

ಒಮ್ಮೆ ದೂರದ ಸರ್ವರ್ ಒಂದರಲ್ಲಿ ದೂರದಿಂದ ಲಾಗಿನ್ ಆಗಲು ಬಳಸುವ ಎಸ್ಎಸ್ಎಚ್‌ನ ಕಾನ್ಫಿಗ್ ಫೈಲಿಗೆ ಇಂಥದ್ದೇ ಪ್ರಶ್ನೆ ಬಂತು. ಅವಸರದಲ್ಲಿ ಹೊಸದನ್ನೇ ಹಾಕು ಅಂದುಬಿಟ್ಟೆ. ನಾನು ಬದಲಿಸಿದ್ದ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಹೋಗಿ ಮತ್ತೆ 22 ಆಯಿತು. ಫೈರ್‌ವಾಲ್‌ನಲ್ಲಿ 22 ಮುಚ್ಚಿತ್ತು. ತೆರೆದಿದ್ದ ಸೆಷನ್ ಮಾತ್ರ ಆರಾಮಾಗಿ ನಡೀತಿತ್ತು, ಹಾಗಾಗಿ ಗೊತ್ತೇ ಆಗಲಿಲ್ಲ. ಮರುದಿನ ಲಾಗಿನ್ ಆಗಲು ಹೋದರೆ ಬಾಗಿಲು ಬಂದ್. ಕನ್ಸೋಲ್ ಮೂಲಕ ಒಳಗೆ ಹೋಗಿ ಒಂದೇ ಒಂದು ಸಾಲು ಸರಿಮಾಡಬೇಕಾಯಿತು.

ಹಾಗಂತ ಹಳೆಯದನ್ನೇ ಉಳಿಸಿಕೊಂಡರೆ ಕ್ಷೇಮ ಅಂದುಕೊಳ್ಳಬೇಡಿ. ಬರೀ ಎಂಟರ್ ಒತ್ತಿದರೆ ಆಗುವುದು ಅದೇ. ಹೊಸ ಫೈಲು ಡಿಪಿಕೆಜಿ-ಡಿಸ್ಟ್ ಅನ್ನುವ ಬಾಲ ಅಂಟಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಬೇರೆ ಲಿನಕ್ಸ್‌ಗಳಲ್ಲಿ ಆ ಬಾಲದ ಹೆಸರು ಬೇರೆ: ಫೆಡೋರಾದಲ್ಲಿ ಆರ್‌ಪಿಎಂನ್ಯೂ, ಆರ್ಚ್‌ನಲ್ಲಿ ಪ್ಯಾಕ್‌ನ್ಯೂ. ಅಲ್ಲಿ ಪ್ರಶ್ನೆಯೂ ಇಲ್ಲ, ಎಚ್ಚರಿಕೆಯ ಒಂದು ಸಾಲು ಅಷ್ಟೇ. ಯಾರೂ ತೆರೆದು ನೋಡುವುದಿಲ್ಲ. ಮುಂದೊಂದು ದಿನ ನಿಮ್ಮ ಹಳೆಯ ಫೈಲಿನಲ್ಲಿರುವ ಆಯ್ಕೆಯನ್ನೇ ಪ್ರೋಗ್ರಾಂ ಕೈಬಿಟ್ಟಿರುತ್ತದೆ. ಸರ್ವಿಸ್ ಶುರುವಾಗುವುದಿಲ್ಲ.

ಅದಕ್ಕೇ ಆ ಪ್ರಶ್ನೆಗೆ ಡಿ ಒತ್ತಿ. ವ್ಯತ್ಯಾಸ ಓದಿ. ಅರ್ಧ ನಿಮಿಷದ ಕೆಲಸ.

ಇನ್ನೂ ಒಳ್ಳೆಯ ದಾರಿ, ಮುಖ್ಯ ಫೈಲನ್ನು ಮುಟ್ಟದೇ ಇರುವುದು. 2020ರಲ್ಲಿ ಬಂದ ಓಪನ್‌ಎಸ್ಎಸ್ಎಚ್ 8.2ರಿಂದ ಸರ್ವರ್ ಕಾನ್ಫಿಗ್‌ನಲ್ಲೂ ಇನ್‌ಕ್ಲೂಡ್ ಇದೆ, ಅಂದರೆ ಬೇರೆ ಫೈಲಿನ ಸೆಟ್ಟಿಂಗ್‌ಗಳನ್ನು ಒಳಗೆ ಸೇರಿಸುವ ಸಾಲು. ಡೆಬಿಯನ್ ಅದನ್ನು ಫೈಲಿನ ತಲೆಯಲ್ಲೇ ಇಟ್ಟಿದೆ. ಹೆಚ್ಚಿನ ಸೆಟ್ಟಿಂಗ್‌ಗಳಿಗೆ ಮೊದಲು ಸಿಕ್ಕ ಬೆಲೆಯೇ ಅಂತಿಮ, ಹಾಗಾಗಿ ನಿಮ್ಮ ಬದಲಾವಣೆಗಳಷ್ಟೇ ಇರುವ ಪುಟ್ಟ ಫೈಲೇ ಗೆಲ್ಲುತ್ತದೆ. ಜಗಳವೇ ಇಲ್ಲ, ಅಲ್ವಾ? ಈ ಅನುಕೂಲ ಕೊಡದ ಪ್ಯಾಕೇಜ್‌ಗಳು ಇಂದಿಗೂ ಇವೆ ಅನ್ನುವುದೇ ನನಗೆ ಬೇಸರ.

ಇವತ್ತೇ ಕಾನ್ಫಿಗ್ ಫೈಲುಗಳಿರುವ ನಿಮ್ಮ ಇಟಿಸಿ ಡೈರೆಕ್ಟರಿಯಲ್ಲಿ ಡಿಪಿಕೆಜಿ-ಡಿಸ್ಟ್ ಅಂತ ಹುಡುಕಿ. ಸಿಕ್ಕಿದ್ದರ ತಾರೀಖು ನೋಡಿ. ನನ್ನ ಒಂದು ಮಷೀನಿನಲ್ಲಿ ಮೂರು ವರ್ಷ ಹಳೆಯದು ಸಿಕ್ಕಿತ್ತು.