ಮಗುವಿನ ಕೋಣೆಯ ಸಂಗೀತ ಕಾಣಿಸಿದರೆ ಸಾಲದು

ಮಕ್ಕಳ ಮಲಗುವ ಕೋಣೆಯನ್ನು ಸಂಗೀತಮಯವಾಗಿ ಸಿಂಗರಿಸಲು ಹೊರಟವರು ಸಾಮಾನ್ಯವಾಗಿ ಗೋಡೆಗೆ ಗಿಟಾರಿನ ಚಿತ್ರ ಬರೆಸುತ್ತಾರೆ, ಹೊದಿಕೆಯ ತುಂಬ ಸ್ವರಚಿಹ್ನೆಗಳಿರುವಂತೆ ನೋಡಿಕೊಳ್ಳುತ್ತಾರೆ, ಕಪಾಟಿಗೆ ಪಿಯಾನೊದ ಕೀಗಳಂತೆ ಕಪ್ಪು ಬಿಳುಪು ಬಳಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. 3 ವರ್ಷದ ಮಗುವಿಗೆ ಮುದ್ದಾಗಿ ಒಪ್ಪುವ ಈ ಅಲಂಕಾರ 10ರ ವಯಸ್ಸಿಗೆ ಎಳಸಾಗಿ ಕಾಣುತ್ತದೆ, 14ಕ್ಕೆ ಗೆಳೆಯರ ಮುಂದೆ ಮುಜುಗರ ತರುತ್ತದೆ. ಇಷ್ಟೆಲ್ಲ ಸಿಂಗಾರದ ನಡುವೆ ಕುಳಿತು ಒಂದು ವಾದ್ಯ ನುಡಿಸಲು ಅಲ್ಲಿ ಜಾಗವೇ ಉಳಿದಿರುವುದಿಲ್ಲ.

ಕೋಣೆ ಮಗುವಿನೊಂದಿಗೆ ಬೆಳೆಯಬೇಕಾದರೆ ಮೊದಲ ಖರ್ಚು ಅದರೊಳಗಿನ ಧ್ವನಿಗೆ ಸಲ್ಲಬೇಕೆಂಬುದು ನನ್ನ ವಾದ. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ತಕ್ಷಣ ಅಡಗದೆ ಝಣಗುಟ್ಟಿದರೆ, ಎದುರುಬದುರಾದ ಬೋಳು ಗೋಡೆಗಳು ಅದನ್ನು ಮತ್ತೆ ಮತ್ತೆ ಹಿಂದಿರುಗಿಸುತ್ತಿವೆ ಎಂದರ್ಥ. ಅಂಥ ಕೋಣೆಯಲ್ಲಿ ಪಿಟೀಲು ಕಲಿಯುವ ಮಗುವಿಗೆ ತಾನು ನುಡಿಸಿದ ಸ್ವರ ಸ್ಥಾನದಲ್ಲಿದೆಯೇ ಎಂಬುದನ್ನು ತಿಳಿಯುವುದೇ ಕಷ್ಟವಾಗುತ್ತದೆ. ಒಂದು ಗೋಡೆಗೆ ಗಾತ್ರ ಗಾತ್ರದ ಪುಸ್ತಕಗಳು ತುಂಬಿದ, ಗೋಡೆಗೆ ಭದ್ರವಾಗಿ ಬಿಗಿದ ಕಪಾಟು, ನೆಲಕ್ಕೆ ದಪ್ಪ ಕಾರ್ಪೆಟ್, ಕಿಟಕಿಗೆ ನೆರಿಗೆ ಹೆಚ್ಚಿರುವ ಭಾರವಾದ ಪರದೆ ಬಂದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಇವುಗಳಿಂದ ಪಕ್ಕದ ಮನೆಗೆ ಸದ್ದು ಹೋಗುವುದು ನಿಲ್ಲುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಪರದೆ ಹೀರಿಕೊಳ್ಳುವುದು ಮುಖ್ಯವಾಗಿ ಮೇಲಿನ ಸ್ಥಾಯಿಯ ಸದ್ದನ್ನು. ಡ್ರಮ್ಮಿನ ಮಂದ್ರ ನಾದ ಗೋಡೆಯನ್ನೂ ನೆಲವನ್ನೂ ಅದುರಿಸಿಕೊಂಡು ಆಚೆಗೆ ದಾಟುತ್ತದೆ.

ವಾದ್ಯದ ಗಾತ್ರವೂ ಒಂದೇ ಆಗಿ ಉಳಿಯುವುದಿಲ್ಲ. ಮಗುವಿನ ತೋಳು ಉದ್ದವಾದಂತೆ ಪಿಟೀಲು 1/8, 1/4, 1/2, 3/4 ಎಂದು ಹಿರಿದಾಗುತ್ತ ಪೂರ್ಣ ಅಳತೆಗೆ ಬರುತ್ತದೆ, ಮುಂದೊಂದು ದಿನ 88 ಕೀಗಳ ಡಿಜಿಟಲ್ ಪಿಯಾನೊ ಬಂದರೆ ಅದೊಂದೇ ಸುಮಾರು 130 ಸೆಂಟಿಮೀಟರ್ ಉದ್ದದ ಜಾಗ ಕೇಳುತ್ತದೆ. ಆದ್ದರಿಂದ ಬಡಗಿಯಿಂದ ಅಳತೆಗೆ ಸರಿಯಾಗಿ ಗೂಡು ಮಾಡಿಸುವುದಕ್ಕಿಂತ, ಎತ್ತರ ಬದಲಿಸಬಹುದಾದ ಹಲಗೆಗಳನ್ನೂ ಕುರ್ಚಿಯನ್ನೂ ಆರಿಸಿಕೊಂಡು, ನೇರ ಬಿಸಿಲು ಬೀಳದ ಒಂದು ಮೂಲೆಯನ್ನು ಮೊದಲ ದಿನದಿಂದಲೇ ತೆರವಾಗಿ ಬಿಡುವುದು ಜಾಣತನ.

ಮಗು ಸಂಗೀತವನ್ನೇ ಬಿಟ್ಟುಬಿಟ್ಟರೆ? ಬಿಡಲಿ. ಗದ್ದಲವಿಲ್ಲದ ಕೋಣೆ ಓದಿಗೂ ನಿದ್ದೆಗೂ ಒದಗುತ್ತದೆ. ಗೋಡೆಯ ಗಿಟಾರನ್ನು ಮಾತ್ರ ಕೆರೆದು ತೆಗೆಯಬೇಕಾಗುತ್ತದೆ.

ಹದಿಹರೆಯದಲ್ಲಿ ಹೆಡ್‌ಫೋನ್ ಬಂದ ಮೇಲೆ ಕೋಣೆಯ ಧ್ವನಿ ನಮ್ಮ ಕಿವಿಗೆ ಬೀಳುವುದಿಲ್ಲವಾದ್ದರಿಂದ, ಎಚ್ಚರ ಇನ್ನಷ್ಟು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಮಕ್ಕಳಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 75 ಡೆಸಿಬಲ್‌ನಷ್ಟು ಸದ್ದಿನಲ್ಲಿ. ವಯಸ್ಕರಿಗೆ ಅಷ್ಟೇ ಗಂಟೆಗೆ 80. ಫೋನಿನಲ್ಲಿಯೇ ಗರಿಷ್ಠ ಧ್ವನಿಗೆ ಮಿತಿ ಹಾಕುವ ಸೌಲಭ್ಯವಿದ್ದರೆ ಅದನ್ನು ಹೆಡ್‌ಫೋನ್ ಕೈಗೆ ಕೊಡುವ ಮೊದಲೇ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಂದಿಸಿಡಿ.