ಚೀನಾ ತೋರಿಸಿದವರು

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 21, ಅಂತರರಾಷ್ಟ್ರೀಯ ಪ್ರವಾಸಿ ಗೈಡ್‌ಗಳ ದಿನ. 1972ರಲ್ಲಿ ಇದೇ ತಾರೀಖಿಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಬಂದಿಳಿದರು. ಇವೆರಡೂ ಒಂದೇ ದಿನ ಬಂದದ್ದು ಕಾಕತಾಳೀಯ. ಆದರೆ ನನಗೆ ಅದು ತುಂಬ ಇಷ್ಟ.

ನಿಕ್ಸನ್ ಮತ್ತು ಮಾವೋ ಕೈ ಕುಲುಕುವ ಫೋಟೊ ನೀವೆಲ್ಲ ನೋಡಿದ್ದೀರಿ. ಆ ಕೋಣೆಯಲ್ಲಿ ಟಾಂಗ್ ವೆನ್‌ಶೆಂಗ್ ಎಂಬ ಹೆಣ್ಣುಮಗಳು ಇದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ಚೀನಾದ ವಿದೇಶಾಂಗ ಇಲಾಖೆಯ ದುಭಾಷಿ. ನಿಕ್ಸನ್ ತಮ್ಮ ಕಡೆಯ ದುಭಾಷಿಯನ್ನು ಆ ಕೋಣೆಗೆ ಕರೆದುಕೊಂಡು ಹೋಗಿರಲೇ ಇಲ್ಲ. ಅಂದರೆ ಅವತ್ತು ಮಾವೋ ಹೇಳಿದರು ಎಂದು ನಿಕ್ಸನ್ ಕೇಳಿಸಿಕೊಂಡದ್ದೆಲ್ಲ ಈ ಹೆಣ್ಣುಮಗಳ ಬಾಯಿಂದ ಬಂದದ್ದು. ಎಷ್ಟು ಜನಕ್ಕೆ ಅವರ ಹೆಸರು ಗೊತ್ತು, ಹೇಳಿ?

ಸಂಘಟಕರು ನನಗೆ ಕೊಟ್ಟ ವಿಷಯ "ಪಶ್ಚಿಮದ ಯುವ ಪ್ರವಾಸಿ ಕಂಡ ಚೀನಾ". ಅದನ್ನು ನಾನು ಸ್ವಲ್ಪ ತಿರುಗಿಸಿ ಇಟ್ಟುಕೊಂಡಿದ್ದೇನೆ. ಆ ಪ್ರವಾಸಿಗೆ ಚೀನಾ ತೋರಿಸಿದವರು ಯಾರು? ಹೋಗಿ ಬಂದವರ ಬರಹ ನಾವು ಓದುತ್ತೇವೆ, ಅವರ ಧೈರ್ಯ ಮೆಚ್ಚುತ್ತೇವೆ. ಪಕ್ಕದಲ್ಲಿ ನಿಂತು ತೋರಿಸಿದವರು "ನಮ್ಮ ಗೈಡ್" ಎಂಬ ಒಂದೇ ಪದದಲ್ಲಿ ಮುಗಿದು ಹೋಗುತ್ತಾರೆ. ಇದು ಸರಿಯಲ್ಲ ಎನ್ನುವುದು ನನ್ನ ವಾದ. ಇವತ್ತು ಎಷ್ಟು ಸಲ ಹೇಳಬೇಕಾದರೂ ಹೇಳುತ್ತೇನೆ.

ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ ಇದೆ. ಅದನ್ನು ಅವಸರ ಮಾಡದೆ ಹೇಳಲು ಬಿಡಿ.

ನಿಕ್ಸನ್ ಹೋಗುವ ಮೊದಲಿನ ವರ್ಷ, 1971. ಜಪಾನಿನ ನಗೋಯಾದಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಶಿಪ್. ಅಮೆರಿಕದ ತಂಡದಲ್ಲಿ ಗ್ಲೆನ್ ಕೋವನ್ ಎಂಬ ಹುಡುಗ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವನು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಉದ್ದ ಕೂದಲು, ಬಣ್ಣಬಣ್ಣದ ಬಟ್ಟೆ, ಅಪ್ಪಟ ಹಿಪ್ಪಿ. ಏಪ್ರಿಲ್ 4ರಂದು ಅಭ್ಯಾಸ ಮುಗಿಸಿ ಹೊರಗೆ ಬಂದ. ತನ್ನ ತಂಡದ ಬಸ್ ಹೋಗಿಬಿಟ್ಟಿತ್ತು. ಎದುರಿಗಿದ್ದ ಬಸ್ ಹತ್ತಿದ. ಅದು ಚೀನಾ ತಂಡದ ಬಸ್!

ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗಿನಿಂದ ಎರಡು ದೇಶಗಳ ನಡುವೆ ಮಾತುಕತೆಯೇ ಸರಿಯಾಗಿ ಇರಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಚೀನಾಕ್ಕೆ ಹೋಗುವುದರ ಮೇಲಿದ್ದ ನಿಷೇಧ ಎತ್ತಿದ್ದು ಅದೇ ವರ್ಷದ ಮಾರ್ಚ್ 15ಕ್ಕೆ. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ನಡೆಯುತ್ತಿತ್ತು, ಅಂದರೆ ಕ್ರಾಂತಿಯ ಶತ್ರುಗಳು ಎಂದು ಹೇಳಿ ಜನರನ್ನು ಹಿಂಸಿಸುತ್ತಿದ್ದ, ಮಾವೋ ಎಬ್ಬಿಸಿದ ಚಳವಳಿ. ಅಮೆರಿಕದವನ ಜೊತೆ ಮಾತಾಡಿದವನನ್ನು ಊರಿಗೆ ಹೋದ ಮೇಲೆ ಗೂಢಚಾರ ಅನ್ನಬಹುದಿತ್ತು. ಹಾಗಾಗಿ ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಹುಡುಗ ಬಾಗಿಲ ಹತ್ತಿರ ನಿಂತಿದ್ದ.

ಹಿಂದಿನ ಸೀಟಿನಲ್ಲಿ ಜುವಾಂಗ್ ಜೆಡಾಂಗ್ ಕೂತಿದ್ದರು. 1961, 1963, 1965, ಮೂರು ಸಲ ವಿಶ್ವ ಚಾಂಪಿಯನ್. ಹತ್ತು ನಿಮಿಷ ಯೋಚನೆ ಮಾಡಿದೆ ಎಂದು ಅವರೇ ಆಮೇಲೆ ಹೇಳಿದ್ದಾರೆ. ಜೊತೆಯವರು ಬೇಡ ಬೇಡ ಎಂದರು. ಅವರು ಎದ್ದು ಬಂದರು. ದುಭಾಷಿಯನ್ನು ಮುಂದಿಟ್ಟುಕೊಂಡು ಮಾತಾಡಿದರು. ಹುವಾಂಗ್‌ಶಾನ್ ಬೆಟ್ಟದ ಚಿತ್ರವಿದ್ದ ರೇಷ್ಮೆ ಬಟ್ಟೆಯೊಂದನ್ನು ಕೈಗಿತ್ತರು. ಕೋವನ್ ತನ್ನ ಚೀಲ ತಡಕಾಡಿದ. ಕೊಡುವುದಕ್ಕೆ ಏನೂ ಇಲ್ಲ. ಒಂದು ಬಾಚಣಿಗೆ ಸಿಕ್ಕಿತು. ಬಾಚಣಿಗೆ ಕೊಡುವುದಕ್ಕಾಗುತ್ತದಾ? ಮರುದಿನ ಶಾಂತಿ ಚಿಹ್ನೆ ಇದ್ದ ಒಂದು ಟೀ ಶರ್ಟ್ ತಂದುಕೊಟ್ಟ. ಬಸ್ ನಿಂತಾಗ ಫೋಟೊಗ್ರಾಫರುಗಳು ಮುತ್ತಿಕೊಂಡಿದ್ದರು, ಚಿತ್ರ ಲೋಕವೆಲ್ಲ ಸುತ್ತಿತು. ಚಿತ್ರದಲ್ಲಿ ಕೋವನ್ ಇದ್ದಾನೆ, ಜುವಾಂಗ್ ಇದ್ದಾರೆ. ಕಥೆ ಹೇಳುವಾಗಲೂ ಇವರಿಬ್ಬರ ಹೆಸರೇ. ಆ ದುಭಾಷಿ? ಅವರಿಲ್ಲದಿದ್ದರೆ ಇಬ್ಬರೂ ಸುಮ್ನೆ ನಕ್ಕು ಇಳಿದು ಹೋಗುತ್ತಿದ್ದರು.

ಪ್ರಸಂಗ ಇನ್ನೂ ಮುಗಿದಿಲ್ಲ. ಅಮೆರಿಕ ತಂಡವನ್ನು ಚೀನಾಕ್ಕೆ ಈಗ ಕರೆಯುವುದು ಬೇಡ ಎಂದು ಬೀಜಿಂಗ್‌ನ ಅಧಿಕಾರಿಗಳು ಬರೆದಿಟ್ಟಿದ್ದರು. ಮಾವೋ ಅದಕ್ಕೆ ಒಪ್ಪಿಗೆಯನ್ನೂ ಹಾಕಿದ್ದರು. ಏಪ್ರಿಲ್ 6ರ ರಾತ್ರಿ ನಿದ್ದೆ ಮಾತ್ರೆ ನುಂಗಿ, ಊಟ ಮಾಡುತ್ತ ಮೇಜಿನ ಮೇಲೆ ತೂಕಡಿಸುತ್ತಿದ್ದ ಮಾವೋ ಇದ್ದಕ್ಕಿದ್ದಂತೆ ಏನೋ ಗೊಣಗಿದರು. ಪಕ್ಕದಲ್ಲಿ ಇದ್ದದ್ದು ನರ್ಸ್ ವೂ ಶುಜುನ್. ಕಿವಿಗೊಟ್ಟು ಕೇಳಿದರೆ, ಅಮೆರಿಕ ತಂಡವನ್ನು ಕರೆಯಲು ವಿದೇಶಾಂಗ ಇಲಾಖೆಗೆ ಫೋನ್ ಮಾಡು ಅನ್ನುತ್ತಿದ್ದಾರೆ. ಈಕೆಗೆ ಕಷ್ಟಕ್ಕೆ ಬಂತು. ಮಾತ್ರೆ ತಗೊಂಡ ಮೇಲೆ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮೊದಲೇ ಹೇಳಿದ್ದವರು ಮಾವೋ ಅವರೇ! ನರ್ಸ್ ಧೈರ್ಯ ಮಾಡಿ ಕೇಳಿಯೇಬಿಟ್ಟರು, ಈ ಮಾತು ಲೆಕ್ಕಕ್ಕೆ ಉಂಟಾ? ಉಂಟು, ಬೇಗ ಮಾಡು, ಹೊತ್ತು ಮೀರುತ್ತದೆ ಎಂದರು ಮಾವೋ. ಫೋನ್ ಹೋಯಿತು. ಈ ವಿವರವನ್ನು ಆಮೇಲೆ ಬರೆದಿಟ್ಟವರು ಆ ನರ್ಸೇ.

ಈ ಪ್ರಸಂಗವನ್ನು ಇಷ್ಟು ಉದ್ದ ಯಾಕೆ ಹೇಳಿದೆ? ಬಸ್ಸಿನಲ್ಲಿ ದುಭಾಷಿ, ಮಲಗುವ ಹೊತ್ತಿನಲ್ಲಿ ನರ್ಸ್. ಎರಡೂ ಕಡೆ ನಡುವೆ ನಿಂತವರಿಂದಲೇ ಕೆಲಸ ಆದದ್ದು. ಇನ್ನು ಕೋವನ್ ಚೀನಾಕ್ಕೆ ಕಾಲಿಟ್ಟ ಮೇಲಂತೂ ಪೂರ್ತಿ ಅವರ ಕೈಯಲ್ಲೇ.

ಏಪ್ರಿಲ್ 10. ಒಂಬತ್ತು ಆಟಗಾರರು, ನಾಲ್ವರು ಅಧಿಕಾರಿಗಳು, ಇಬ್ಬರು ಬಾಳಸಂಗಾತಿಗಳು ಹಾಂಗ್‌ಕಾಂಗ್ ಕಡೆಯಿಂದ ಸೇತುವೆ ದಾಟಿ ನಡೆದು ಬಂದರು. ಆಚೆ ಬದಿಯಲ್ಲಿ ಚೀನಾದವರು ಕಾದಿದ್ದರು. ಅಲ್ಲಿಂದ ಮುಂದೆ ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವ ಕಾರ್ಖಾನೆಗೆ ಹೋಗಬೇಕು, ಯಾರ ಜೊತೆ ಮಾತು, ಎಲ್ಲ ಅವರದೇ ತೀರ್ಮಾನ. ಮಹಾಗೋಡೆ ತೋರಿಸಿದರು, ಬೇಸಿಗೆ ಅರಮನೆ ತೋರಿಸಿದರು, ಚಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು, ಬ್ಯಾಲೆ ತೋರಿಸಿದರು. ಬೀಜಿಂಗ್‌ನಲ್ಲಿ 18,000 ಜನರ ಮುಂದೆ ಪಂದ್ಯ. "ಸ್ನೇಹ ಮೊದಲು, ಸ್ಪರ್ಧೆ ಆಮೇಲೆ" ಎಂಬ ಘೋಷಣೆ. ಕೋವನ್‌ನ ಕೂದಲು ನೋಡುವುದಕ್ಕೇ ಬೀದಿಯಲ್ಲಿ ಜನ ನೆರೆಯುತ್ತಿದ್ದರು. ಏಪ್ರಿಲ್ 14ಕ್ಕೆ ಪ್ರಧಾನಿ ಚೌ ಎನ್ ಲಾಯ್ ಭೇಟಿ. ನಮ್ಮ ಹುಡುಗ ಎದ್ದು ನಿಂತು, ಹಿಪ್ಪಿಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದ. ಯುವಕರು ಸತ್ಯ ಹುಡುಕುವಾಗ ಬೇರೆ ಬೇರೆ ದಾರಿ ಹಿಡಿಯುವುದು ಸಹಜ, ನಾವೂ ಚಿಕ್ಕವರಿದ್ದಾಗ ಹಾಗೇ ಇದ್ದೆವು ಎಂಬ ಅರ್ಥದ ಉತ್ತರ ಬಂತು. ಆ ಪ್ರಶ್ನೆ ಚೀನೀ ಭಾಷೆಗೆ ಹೋಗಿ, ಉತ್ತರ ಮೆತ್ತಗೆ ಇಂಗ್ಲಿಷಿಗೆ ಬಂದದ್ದು ದುಭಾಷಿಯ ನಾಲಿಗೆಯಿಂದ ಎನ್ನುವುದನ್ನು ಮತ್ತೆ ನೆನಪು ಮಾಡುತ್ತೇನೆ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು. ತೋರಿಸಿದ್ದನ್ನು ಮಾತ್ರ ನೋಡಿ ಬಂದರಲ್ವಾ? ಮುಚ್ಚಿಟ್ಟದ್ದರ ಗತಿ ಏನು?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ರೊಂಗ್ ಗುವೊತುವಾನ್ ಎಂಬ ಆಟಗಾರ ಇದ್ದರು. 1959ರಲ್ಲಿ ಟೇಬಲ್ ಟೆನಿಸ್ ಗೆದ್ದು ಚೀನಾಕ್ಕೆ ಮೊಟ್ಟಮೊದಲ ವಿಶ್ವ ಪ್ರಶಸ್ತಿ ತಂದವರು. 1968ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಹಿಂಸೆ ತಾಳಲಾರದೆ ಜೀವ ಕಳೆದುಕೊಂಡರು. ಅದೇ ವರ್ಷ ಫು ಚಿಫಾಂಗ್, ಜಿಯಾಂಗ್ ಯೋಂಗ್‌ನಿಂಗ್ ಕೂಡ. ಮೂವರೂ ಆ ತಂಡದ ಜೀವಾಳ. 1967 ಮತ್ತು 1969ರ ವಿಶ್ವ ಚಾಂಪಿಯನ್‌ಶಿಪ್‌ಗೆ ಚೀನಾ ಹೋಗಲೇ ಇಲ್ಲ. ನಗೋಯಾದ ಬಸ್ಸಿನಲ್ಲಿ ಕೂತಿದ್ದ ಜುವಾಂಗ್ ತನ್ನ ಗೆಳೆಯರನ್ನು ಕಳೆದುಕೊಂಡು ಮೂರು ವರ್ಷ ಆಗಿತ್ತು ಅಷ್ಟೆ. ಮಹಾಗೋಡೆಯ ಮೇಲೆ ನಗುತ್ತಾ ನಿಂತ ಅಮೆರಿಕದ ಮಕ್ಕಳಿಗೆ ಇದನ್ನು ಯಾರು ಹೇಳಬೇಕಿತ್ತು? ಪಕ್ಕದಲ್ಲಿದ್ದ ದುಭಾಷಿಯಾ? ಹೇಳಿದ್ದರೆ ಅವರ ಮನೆಯವರ ಗತಿ ಏನಾಗುತ್ತಿತ್ತು? ಆ ಗೈಡ್‌ಗಳ ಮೌನವನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಾಯಿ ಕಟ್ಟಿಸಿದವರು ಬೇರೆ, ಬಾಯಿ ಕಟ್ಟಿಕೊಂಡು ಕೆಲಸ ಮಾಡಿದವರು ಬೇರೆ. ಪಶ್ಚಿಮದ ಎಷ್ಟೋ ಬರಹಗಳು ಈ ಎರಡನ್ನೂ ಒಂದೇ ಮಾಡುತ್ತವೆ. ನನಗೆ ಸಿಟ್ಟು ಬರುವುದು ಅಲ್ಲಿ.

1970ರ ದಶಕದ ಪ್ರವಾಸಗಳ ಕ್ರಮ ಹೇಗಿತ್ತು ಗೊತ್ತಾ? ಚೀನಾ ಇಂಟರ್‌ನ್ಯಾಷನಲ್ ಟ್ರಾವೆಲ್ ಸರ್ವಿಸ್ ಎಂಬ ಸರ್ಕಾರಿ ಸಂಸ್ಥೆ 1954ರಲ್ಲೇ ಹುಟ್ಟಿತ್ತು. ಗಡಿಯಿಂದ ಗಡಿಯವರೆಗೆ ಜೊತೆಗಿರುವ ಗೈಡ್‌ಗೆ ಚುವಾನ್‌ಪೇಯ್ ಎನ್ನುತ್ತಾರೆ. ಪ್ರತಿ ಊರಿನಲ್ಲೂ ಹೊಸದಾಗಿ ಬಂದು ಸೇರುವ ಸ್ಥಳೀಯ ಗೈಡ್ ದೀಪೇಯ್. ಈ ಪದ್ಧತಿ ಇವತ್ತಿಗೂ ಇದೆ. ಕಾರ್ಖಾನೆಗೋ ಹಳ್ಳಿಗೋ ಹೋದರೆ ಮೊದಲು ಕೂರಿಸಿ ಮುಚ್ಚಳ ಇರುವ ಪಿಂಗಾಣಿ ಲೋಟದಲ್ಲಿ ಬಿಸಿ ಚಹಾ. ಅಲ್ಲಿನ ಮುಖ್ಯಸ್ಥ ವಿಮೋಚನೆಗೆ, ಅಂದರೆ 1949ಕ್ಕೆ, ಮೊದಲು ಎಷ್ಟು ಬೆಳೆ, ಆಮೇಲೆ ಎಷ್ಟು ಬೆಳೆ ಎಂದು ಅಂಕಿ ಓದುತ್ತಾನೆ. ಗೈಡ್ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತಾಳೆ. ಹೋಟೆಲಿನಲ್ಲಿ ಬಿಸಾಕಿ ಬಂದ ಹಳೆ ಬ್ಲೇಡು, ಹರಿದ ಕಾಲುಚೀಲವನ್ನು ಮುಂದಿನ ಊರಿಗೆ ಹುಡುಕಿಕೊಂಡು ತಂದುಕೊಟ್ಟರು ಎಂದು ಆ ಕಾಲದ ಪ್ರವಾಸಿಗಳು ನಗುತ್ತಾ ಬರೆದಿದ್ದಾರೆ. ವಿದೇಶಿಯ ವಸ್ತು ಕಳೆದರೆ ತನ್ನ ತಲೆಗೆ ಬರುತ್ತದೆ ಎಂಬ ಭಯ ಎಷ್ಟಿದ್ದಿರಬೇಕು, ಯೋಚಿಸಿ.

ಇಲ್ಲಿ ಒಂದು ಅಡ್ಡ ಮಾತು. ಗೈಡ್ ದಿನ ಅಂದಮೇಲೆ ಹ್ಯೂಯೆನ್‌ತ್ಸಾಂಗನನ್ನು ಬಿಡುವುದು ಹೇಗೆ? ಪುಲಿಕೇಶಿಯ ನಾಡಿನ ಬಗ್ಗೆ, ಇಲ್ಲಿನ ಜನರ ಸ್ವಾಭಿಮಾನದ ಬಗ್ಗೆ ಅವನು ಬರೆದದ್ದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಅವನು ಚೀನಾದ ಗಡಿ ದಾಟುವಾಗ ಜೊತೆಗೆ ಬಂದ ಗೈಡ್ ರಾತ್ರಿ ಕತ್ತಿ ಹಿರಿದು ಹತ್ತಿರ ಬಂದು, ಮನಸ್ಸು ಬದಲಾಯಿಸಿ, ಮರುದಿನ ಕೈಬಿಟ್ಟು ಹೋದ. ಉಳಿದದ್ದು ಒಂದು ಬಡಕಲು ಕೆಂಪು ಕುದುರೆ. ಆ ಮರುಭೂಮಿಯನ್ನು ಹಲವು ಸಲ ದಾಟಿದ್ದ ಮುದಿ ಕುದುರೆ. ನೀರು ಚೆಲ್ಲಿಹೋಗಿ ನಾಲ್ಕೈದು ದಿನ ನಾಲಿಗೆ ಒಣಗಿದಾಗ ಅದು ತಾನಾಗಿಯೇ ದಾರಿ ಬಿಟ್ಟು ನಡೆದು ಹುಲ್ಲು, ನೀರು ಇರುವ ಜಾಗಕ್ಕೆ ಮುಟ್ಟಿಸಿತು. ಅವನ ಶಿಷ್ಯ ಬರೆದ ಜೀವನಚರಿತ್ರೆಯಲ್ಲಿ ಇದಿದೆ. ಆ ಕುದುರೆ ದಾರಿ ತಪ್ಪಿದ್ದರೆ ಬಾದಾಮಿಯ ಇತಿಹಾಸದಲ್ಲಿ ಒಂದು ಪುಟ ಕಡಿಮೆ ಇರುತ್ತಿತ್ತು! ಇವತ್ತಿನ ದಿನ ಅದಕ್ಕೂ ಒಂದು ಹಾರ ಸಲ್ಲಬೇಕು.

ಸರಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಬಿಡುತ್ತೇನೆ.

1979ರ ಜುಲೈನಲ್ಲಿ, ಮಾವೋ ನಂತರ ಚೀನಾವನ್ನು ಮುನ್ನಡೆಸಿದ ಡೆಂಗ್ ಶಿಯಾವೊಪಿಂಗ್ ಹುವಾಂಗ್‌ಶಾನ್ ಬೆಟ್ಟ ಹತ್ತಿದರು. ಜುವಾಂಗ್ ಕೊಟ್ಟ ರೇಷ್ಮೆ ಚಿತ್ರದಲ್ಲಿದ್ದ ಅದೇ ಬೆಟ್ಟ. ಪ್ರವಾಸೋದ್ಯಮವನ್ನು ದೊಡ್ಡದಾಗಿ ಬೆಳೆಸಬೇಕು ಎಂದು ಅಲ್ಲೇ ಹೇಳಿದರು. 1980ರ ದಶಕದಲ್ಲಿ ಬೆನ್ನಿಗೆ ಚೀಲ ಹಾಕಿದ ಪಶ್ಚಿಮದ ಹುಡುಗರು ಒಬ್ಬೊಬ್ಬರಾಗಿ ಬರತೊಡಗಿದರು. ಯಾಂಗ್‌ಶುವೊದಂಥ ಊರಿನಲ್ಲಿ ಹೊಲ ಗೆಯ್ಯುತ್ತಿದ್ದ ಹೆಂಗಸರು ಅವರ ಮಾತು ಕೇಳಿ ಕೇಳಿಯೇ ಇಂಗ್ಲಿಷ್ ಕಲಿತು ಗೈಡ್ ಆದರು. ಸೈಕಲ್ ಮೇಲೆ ಹಳ್ಳಿ ಸುತ್ತಿಸುವುದು, ಬೆಟ್ಟ ಹತ್ತಿಸುವುದು, ಮನೆಯಲ್ಲಿ ಊಟ ಹಾಕುವುದು. ಸರ್ಕಾರಿ ಗೈಡ್ ಹೇಳದ ಮಾತು ಅಲ್ಲಿ, ಊಟದ ಹೊತ್ತಿಗೆ ಹೊರಗೆ ಬಂತು.

ಆಮೇಲೆ ಬೇರೆ ರೋಗ ಶುರುವಾಯಿತು. ಇದು ನಮ್ಮ ಗೈಡ್ ಮಿತ್ರರು ಕಿವಿಗೊಟ್ಟು ಕೇಳಬೇಕಾದ ಭಾಗ. ಏಜೆನ್ಸಿಯವರು ಪ್ರವಾಸವನ್ನು ಖರ್ಚಿಗಿಂತ ಕಡಿಮೆಗೆ, ಕೆಲವೊಮ್ಮೆ ಹೆಚ್ಚುಕಡಿಮೆ ಬಿಟ್ಟಿಗೆ ಮಾರುವುದು. ಗೈಡ್‌ಗೆ ಸಂಬಳ ಇಲ್ಲ. ಉಲ್ಟಾ, ತಲೆಗೆ ಇಷ್ಟು ಎಂದು ಅವನೇ ಏಜೆನ್ಸಿಗೆ ದುಡ್ಡು ಕಟ್ಟಿ ಗುಂಪನ್ನು ಕೊಳ್ಳಬೇಕು. ಆ ದುಡ್ಡನ್ನು ಅವನು ಜೇಡ್ ಎಂಬ ಹಸಿರು ಕಲ್ಲಿನ ಅಂಗಡಿ, ಚಹಾ ಅಂಗಡಿ, ರೇಷ್ಮೆ ಅಂಗಡಿಯ ಕಮಿಷನ್‌ನಲ್ಲಿ ಹುಟ್ಟಿಸಿಕೊಳ್ಳಬೇಕು. ಆಗ ಅವನು ದೇವಸ್ಥಾನದಲ್ಲಿ ಅರ್ಧ ಗಂಟೆ ನಿಲ್ಲಿಸಿ ಅಂಗಡಿಯಲ್ಲಿ ಎರಡು ಗಂಟೆ ಕೂರಿಸದೆ ಇನ್ನೇನು ಮಾಡುತ್ತಾನೆ? 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಚೀನಾದ ಪ್ರವಾಸೋದ್ಯಮ ಕಾಯ್ದೆ ಇದನ್ನು ನಿಷೇಧಿಸಿತು. ಆದರೂ 2015ರಲ್ಲಿ ಯುನ್ನಾನ್ ಪ್ರಾಂತ್ಯದ ಗೈಡ್ ಒಬ್ಬರು, ಬಸ್ಸಿನಲ್ಲಿ ಮೈಕ್ ಹಿಡಿದು, ಸಾಮಾನು ಕೊಳ್ಳದ ಪ್ರವಾಸಿಗಳನ್ನು ಬೈದ ವಿಡಿಯೊ ದೇಶವೆಲ್ಲ ಓಡಾಡಿತು. ಅವರ ಲೈಸೆನ್ಸ್ ಹೋಯಿತು. ಸರಿಯಾದ ಕ್ರಮವೇ. ಆದರೆ ಅವರನ್ನು ಆ ಸ್ಥಿತಿಗೆ ತಂದ ಲೆಕ್ಕಾಚಾರದ ಬಗ್ಗೆ ವಿಡಿಯೊ ನೋಡಿದವರಲ್ಲಿ ಎಷ್ಟು ಜನ ಕೇಳಿದರು? ಮತ್ತೆ ಅದೇ ನನ್ನ ವಾದ. ನಡುವೆ ನಿಂತವನ ಮೇಲೆ ಎಲ್ಲರ ಸಿಟ್ಟು, ಅವನ ಹೊಟ್ಟೆಯ ಲೆಕ್ಕ ಯಾರಿಗೂ ಬೇಡ.

ಈಗಿನ ಹುಡುಗರ ಬಗ್ಗೆ ಎರಡೇ ಮಾತು. 2023ರ ಡಿಸೆಂಬರ್ 1ರಿಂದ ಫ್ರಾನ್ಸ್, ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಸ್ಪೇನ್ ದೇಶದವರಿಗೆ ಚೀನಾ ವೀಸಾ ಬೇಡ ಎಂದಿತು. ಆಮೇಲೆ ಆ ಪಟ್ಟಿ ಬೆಳೆಯಿತು. ಚೀನಾ ದಾಟಿ ಮುಂದೆ ಹೋಗುವ ಕೆಲವು ದೇಶದವರು 240 ಗಂಟೆ ವೀಸಾ ಇಲ್ಲದೆ ಇರಬಹುದು ಎಂದು 2024ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿದರು. ಫೋನ್ ಹಿಡಿದು, ಅನುವಾದದ ಆ್ಯಪ್ ಹಾಕಿಕೊಂಡು, ಕ್ಯಾಮೆರಾ ಆನ್ ಮಾಡಿಕೊಂಡು ಇಪ್ಪತ್ತರ ಹುಡುಗರು ಬರುತ್ತಿದ್ದಾರೆ. ಗೈಡ್ ಇನ್ನು ಯಾಕೆ ಎಂದು ಕೇಳುತ್ತಾರೆ. ಆ್ಯಪ್ ಬೋರ್ಡ್ ಓದುತ್ತದೆ, ಒಪ್ಪುತ್ತೇನೆ. ಹಿಂದಿನ ಸೀಟಿನಲ್ಲಿ ಕೂತವನು ಎದ್ದು ಬರಲೋ ಬೇಡವೋ ಎಂದು ಹೆದರುತ್ತಿರುವಾಗ, ಬನ್ನಿ, ನಾನು ಮಾತಾಡಿಸುತ್ತೇನೆ ಎಂದು ಆ್ಯಪ್ ಹೇಳುವುದಿಲ್ಲ.

ಯುವ ಬರಹಗಾರರು ಈ ಸಭೆಯಲ್ಲಿ ಇದ್ದಾರೆ. ಮುಂದಿನ ಪ್ರವಾಸ ಕಥನ ಬರೆಯುವಾಗ ಗೈಡ್‌ನ ಒಪ್ಪಿಗೆ ಕೇಳಿ ಅವರ ಹೆಸರು ಹಾಕಿ. ಯಾವುದನ್ನು ಅವರು ತೋರಿಸಿದರು, ಯಾವುದು ನೀವೇ ಕಂಡದ್ದು, ಬೇರೆ ಬೇರೆ ಮಾಡಿ ಬರೆಯಿರಿ. ಹೆಸರು ಹಾಕಿದರೆ ಅವರಿಗೆ ತೊಂದರೆ ಆಗುವ ದೇಶವಾದರೆ ಅದನ್ನೂ ಬರೆಯಿರಿ. ಪ್ರವಾಸ ಏರ್ಪಾಡು ಮಾಡುವವರೂ ಇದ್ದೀರಿ. ಗೈಡ್‌ಗೆ ದಿನಗೂಲಿ ಎಷ್ಟು ಎಂದು ನಿಮ್ಮ ಕರಪತ್ರದಲ್ಲೇ ಅಚ್ಚು ಹಾಕಿ. ಬರುವವನಿಗೂ ಗೊತ್ತಾಗಲಿ.

ನನ್ನ ಸಮಯ ಮುಗಿಯಿತು. ಮೂರನೇ ಸಾಲಿನಲ್ಲಿ ಆಗಿನಿಂದ ಕೈ ಎತ್ತಿರುವ ತಂಗಿಯಿಂದಲೇ ಪ್ರಶ್ನೆ ಶುರುವಾಗಲಿ. ಅವರಿಗೆ ಮೈಕ್ ಕೊಡಿ.