ಪಾತ್ರ ಕೊಡಿ, ಮಾತು ಬರುತ್ತದೆ

ಕೇಳುಗರಿಗೆ ನಮಸ್ಕಾರ. ಹಾಸನದ ಸುತ್ತಮುತ್ತ ಜರ್ಮನ್ ಕಲಿತು ಹೊರದೇಶಕ್ಕೆ ಹೊರಟಿರುವ ನರ್ಸ್‌ಗಳು, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳು ಈಗ ರೇಡಿಯೋ ಹಾಕಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನನ್ನದು ಒಂದೇ ಮಾತು. ದೊಡ್ಡವರಿಗೆ ಭಾಷೆ ಕಲಿಸಬೇಕಾ? ಪಾತ್ರ ಕೊಡಿ.

ದೊಡ್ಡವರಿಗೆ ಬುದ್ಧಿಗೇನೂ ಕೊರತೆಯಿಲ್ಲ, ನಾಚಿಕೆ ಜಾಸ್ತಿ. ತಪ್ಪಾದರೆ ಪಕ್ಕದವರು ನಗುತ್ತಾರೆ ಅನ್ನುವ ಭಯ. ಪಾತ್ರ ಹಾಕಿದಾಗ ಆ ತಪ್ಪು ಪಾತ್ರದ್ದು, ನಮ್ಮದಲ್ಲ.

ನಮ್ಮ ತರಗತಿಗೆ ಅರಕಲಗೂಡು ಕಡೆಯ ಒಬ್ಬ ನರ್ಸ್ ಬರುತ್ತಿದ್ದರು. ಅಕ್ಷರ ಮುತ್ತಿನ ಹಾಗೆ. ಕ್ರಿಯಾಪದಗಳೆಲ್ಲ ಬಾಯಿಪಾಠ. ಮಾತಾಡಿ ಅಂದರೆ ಮಾತ್ರ ತಲೆ ತಗ್ಗಿಸಿಬಿಡುತ್ತಿದ್ದರು. ಒಂದು ದಿನ ಎರಡು ಬೆಂಚು ಜೋಡಿಸಿ ಆಸ್ಪತ್ರೆ ಮಾಡಿದೆವು. ಅವರಿಗೆ ನರ್ಸ್ ಪಾತ್ರ ಕೊಡಲಿಲ್ಲ. ಕೊಟ್ಟರೆ ಮತ್ತೆ ಅವರೇ ಆಗಿಬಿಡುತ್ತಾರಲ್ಲ! ಸಿಡುಕು ಅಜ್ಜಿ ಮಾಡಿದೆ. ವೇಲು ಹೊದ್ದು ಮಲಗಿದರು. ನರ್ಸ್ ಆಗಿದ್ದ ಹುಡುಗ ಸ್ಟೀಲ್ ಲೋಟ ತಂದಿಟ್ಟ. ಲೋಟ ಮುಟ್ಟಿದ್ದೇ ತಡ, ಎದ್ದು ಕೂತು, 'ಡೆರ್ ಕಫೆ ಇಸ್ಟ್ ಕಲ್ಟ್!' ಅಂತ ಗದರಿದರು. ಕಾಫಿ ಆರಿಹೋಗಿದೆಯಂತೆ. ಆರಿದ ಕಾಫಿ ಕೊಟ್ಟರೆ ನಮ್ಮ ಜಿಲ್ಲೆಯಲ್ಲಿ ಯಾರು ತಾನೇ ಸುಮ್ಮನಿರುತ್ತಾರೆ? ಹುಡುಗ ಕ್ಷಮೆ ಕೇಳಿದ. ಅಜ್ಜಿ ಬಿಡಲಿಲ್ಲ. ದಿಂಬು ಸರಿಯಿಲ್ಲ, ಕಿಟಕಿ ಮುಚ್ಚು, ಮಗ ಯಾಕೆ ಬರಲಿಲ್ಲ, ಡಾಕ್ಟರ್ ಎಲ್ಲಿ? ಎಲ್ಲ ಜರ್ಮನ್‌ನಲ್ಲೇ. ವಾಕ್ಯಕ್ಕೊಂದು ತಪ್ಪು. ನಾನು ಸುಮ್ನೆ ಬರೆದಿಟ್ಟುಕೊಂಡೆ. ಆಟ ಮುಗಿದ ಮೇಲೆ ಬೋರ್ಡಿಗೆ ಹಾಕಿ ಎಲ್ಲರೂ ಸೇರಿ ತಿದ್ದಿದೆವು. ಆಟದ ಮಧ್ಯೆ ಬಾಯಿ ಹಾಕುವ ಮೇಷ್ಟ್ರುಗಳೇ, ಕೈಮುಗಿದು ಕೇಳುತ್ತೇನೆ, ಸ್ವಲ್ಪ ತಡೆದುಕೊಳ್ಳಿ.

'ಮೊದಲು ವ್ಯಾಕರಣ ಮುಗಿಯಲಿ, ಆಮೇಲೆ ಆಟ' ಅನ್ನುವವರಿದ್ದಾರೆ. ವ್ಯಾಕರಣ ಮುಗಿಯುವುದು ಯಾವಾಗ ಸ್ವಾಮಿ? ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್‌ನ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆಯನ್ನೇ ನೋಡಿ. ಮಾತಿನ ಭಾಗದಲ್ಲಿ ಸಾಮಾನ್ಯವಾಗಿ ಇಬ್ಬರನ್ನು ಕೂರಿಸಿ, ಏನಾದರೊಂದು ಕಾರ್ಯಕ್ರಮವನ್ನು ಇಬ್ಬರೂ ಮಾತಾಡಿಕೊಂಡು ಗೊತ್ತುಮಾಡಿ ಅನ್ನುತ್ತಾರೆ. ಅದೂ ಪಾತ್ರವೇ ಅಲ್ವಾ?

ವ್ಯಾಕರಣಕ್ಕೂ ಆಟ ಇದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಲಿಂಗ ತೋರಿಸಲು ಪದಕ್ಕೆ ಮೊದಲು ಕ್ರಮವಾಗಿ ಡೆರ್, ಡಿ, ಡಾಸ್ ಅಂತ ಸೇರಿಸುತ್ತಾರೆ. ಕೋಣೆಯ ಮೂರು ಮೂಲೆಗೆ ಅದೇ ಹೆಸರಿಡಿ. ವಸ್ತು ಎತ್ತಿ ತೋರಿಸಿ, ಸರಿಯಾದ ಮೂಲೆಗೆ ಓಡಲಿ. ಏಳು, ಕೂರು, ಬಾಗಿಲು ತೆರೆ ಅಂತ ಮೈ ಆಡಿಸಿ ಕಲಿಸುವ ಕ್ರಮವನ್ನು ಅಮೆರಿಕದ ಜೇಮ್ಸ್ ಆಶರ್ 1960ರ ದಶಕದಲ್ಲೇ ಹೇಳಿದ್ದರು. ಅದನ್ನು ಬಿಡಿಸಿ ಹೇಳಲು ಈಗ ಸಮಯವಿಲ್ಲ.

ಮನೆಯಲ್ಲೇ ಓದುತ್ತಿರುವವರು ಇವತ್ತು ರಾತ್ರಿ ಪುಸ್ತಕ ಮುಚ್ಚಿಡಿ. ಅಮ್ಮ ರೋಗಿಯಾಗಲಿ, ಮಂಡಿನೋವು ಅಂತ ಕನ್ನಡದಲ್ಲೇ ಗೋಳಾಡಲಿ. ನೀವು ಗತ್ತಿನ ಡಾಕ್ಟರಾಗಿ ಜರ್ಮನ್‌ನಲ್ಲಿ ಉತ್ತರ ಕೊಡಿ. ನಮಸ್ಕಾರ.